ಆಫ್ರಿಕಾದ ಹೀರುಬಾಯಿ ಕ್ಯಾಟ್‌ಫಿಶ್: ಗುರುತಿಸೋದು ಹೇಗೆ, ಸಾಕೋದು ಹೇಗೆ

ಗಾಜಿಗೆ ಬಾಯಿ ಅಂಟಿಸಿಕೊಂಡು ಕೂತ ಮೀನು ಕಂಡರೆ ಸಾಕು, ‘ಪ್ಲೆಕೊ’ (ದಕ್ಷಿಣ ಅಮೆರಿಕದ ಹೀರುಬಾಯಿ ಕ್ಯಾಟ್‌ಫಿಶ್) ಅಂದುಬಿಡುತ್ತೇವೆ. ಹತ್ತರಲ್ಲಿ ಒಂಬತ್ತು ಸಲ ಅದು ನಿಜವೂ ಹೌದು. ಆ ಹತ್ತನೆಯದೇ ತಾಪತ್ರಯ. ಪ್ಲೆಕೊಗಳ ರಾಶಿಯಲ್ಲಿ, ಇಲ್ಲವೇ ಆಫ್ರಿಕಾದಿಂದ ಬಂದ ಬೇರೆ ಕ್ಯಾಟ್‌ಫಿಶ್‌ಗಳ ಜೊತೆಯಲ್ಲಿ, ಬೆರಳುದ್ದದ ಒಂದು ಕಂದು ಮೀನು ಸೇರಿಕೊಂಡು ಬರುತ್ತದೆ. ಅದನ್ನು ಪಾಚಿ ತಿನ್ನುವ ಮೀನು ಅಂದುಕೊಂಡು ಸಾಮಾನ್ಯ ಟ್ಯಾಂಕಿಗೆ ಬಿಟ್ಟರೆ ಕೆಲವೇ ವಾರಗಳಲ್ಲಿ ಸೊರಗಿ ಸಾಯುತ್ತದೆ. ಕಾರಣ ಎರಡೇ: ಅದಕ್ಕೆ ಬೇಕಾದಷ್ಟು ಆಮ್ಲಜನಕ ಸಿಗುವುದಿಲ್ಲ, ಹೊಟ್ಟೆಗೂ ಏನೂ ಸಿಗುವುದಿಲ್ಲ.

ಇದು ಮೊಕೋಕಿಡೇ ಕುಟುಂಬದ ಮೀನು. ತಲೆಕೆಳಗಾಗಿ ಈಜುವ ಸಿನೊಡಾಂಟಿಸ್ ಗೊತ್ತಲ್ಲ, ಅದೂ ಇದೇ ಕುಟುಂಬದ್ದು. ಹೀರುಬಾಯಿ ಇರುವ ಕುಲಗಳಲ್ಲಿ ದೊಡ್ಡದು ಕೈಲೋಗ್ಲಾನಿಸ್. 1868ರಲ್ಲಿ ಪೀಟರ್ಸ್ ಹೆಸರಿಟ್ಟ ಈ ಕುಲದಲ್ಲಿ 50ಕ್ಕೂ ಜಾಸ್ತಿ ಜಾತಿಗಳಿವೆ. ಇದರ ಜೊತೆಗೆ ಅಟೊಪೊಕೈಲಸ್, ಯೂಕೈಲಿಕ್ತಿಸ್ ಎಂಬ ಇನ್ನೆರಡು ಕುಲಗಳು ಆಗೀಗ ಮಾರಾಟಕ್ಕೆ ಬರುತ್ತವೆ. 2008ರಲ್ಲಿ ಅಟೊಪೊಡಾಂಟಸ್ ಅಂತ ಇನ್ನೊಂದು ಸೇರಿಕೊಂಡಿತು, ಆದರೆ ಅದು ನಮ್ಮ ಕೈಗೆ ಸಿಗುವ ಸಂಭವ ಕಡಿಮೆ.

ಎಲ್ಲವೂ ಹರಿಯುವ ನೀರಿನ ಮೀನುಗಳು. ಕಾಂಗೊ ನದಿಯ ರಭಸದ ಇಳಿಜಾರು, ಕ್ಯಾಮರೂನಿನ ತೊರೆ, ದಕ್ಷಿಣ ಆಫ್ರಿಕಾದ ಇಂಕೊಮಾಟಿ ನದಿಯ ಕಲ್ಲುಹಾಸು, ಇಂಥ ಕಡೆ ಇವು ಬದುಕುತ್ತವೆ. ನೀರು ಬಿಳಿ ನೊರೆಯೆದ್ದು ಹರಿಯುವ ಜಾಗದಲ್ಲಿ ಬೇರೆ ಮೀನು ಕೊಚ್ಚಿಕೊಂಡು ಹೋದರೆ, ಇದು ಕಲ್ಲಿಗೆ ಬಾಯಿ ಕೊಟ್ಟು ನಿಂತಿರುತ್ತದೆ. ಹಾಗಾಗಿ ಈ ಮೀನು ತರುವುದು ಅಂದರೆ ಮನೆಯಲ್ಲೊಂದು ಪುಟ್ಟ ತೊರೆ ಕಟ್ಟುವುದು. ಅದಕ್ಕೆ ತಯಾರಿಲ್ಲದಿದ್ದರೆ ಅಂಗಡಿಯಲ್ಲಿ ನೋಡಿ ಖುಷಿಪಟ್ಟು ವಾಪಸ್ ಬನ್ನಿ.

ಹಂತ 1: ಪ್ಲೆಕೊನಾ, ಅಲ್ವಾ?

ಮೊದಲು ಮೈ ನೋಡಿ. ದಕ್ಷಿಣ ಅಮೆರಿಕದ ಪ್ಲೆಕೊ, ಅಂದರೆ ಲೋರಿಕಾರಿಡೇ ಕುಟುಂಬದ ಮೀನಿನ ಮೈತುಂಬ ಮೂಳೆಯ ತಗಡುಗಳು ಸಾಲುಸಾಲಾಗಿ ಕಾಣುತ್ತವೆ. ಆಫ್ರಿಕಾದ ಮೀನಿನ ಮೈ ಬರಿ ಚರ್ಮ. ನುಣುಪಾಗಿರಬಹುದು, ಕೆಲವು ಜಾತಿಗಳಲ್ಲಿ ಸಣ್ಣ ಗುಳ್ಳೆಗಳಂತೆ ತರಿತರಿ ಇರಬಹುದು, ಆದರೆ ತಗಡು ಇರುವುದಿಲ್ಲ.

ಆಮೇಲೆ ಬೆನ್ನಿನ ಹಿಂಭಾಗದ ಅಡಿಪೋಸ್ ರೆಕ್ಕೆ, ಅಂದರೆ ಬಾಲದ ಹತ್ತಿರ ಇರುವ ಚಿಕ್ಕ ರೆಕ್ಕೆ. ಪ್ಲೆಕೊದಲ್ಲಿ ಅದಿದ್ದರೆ ಅದರ ಮುಂದೆ ಒಂದು ಗಟ್ಟಿ ಮುಳ್ಳಿರುತ್ತದೆ. ಕೈಲೋಗ್ಲಾನಿಸ್‌ನಲ್ಲಿ ಇದು ಮುಳ್ಳಿಲ್ಲದ, ಉದ್ದನೆಯ, ಮೆತ್ತನೆಯ ರೆಕ್ಕೆ.

ಕಣ್ಣಿನಲ್ಲೂ ಒಂದು ಗುರುತಿದೆ. ಬಹುತೇಕ ಪ್ಲೆಕೊಗಳ ಕಣ್ಣಿನ ಪಾಪೆಯ ಮೇಲೆ ಮೇಲಿನಿಂದ ಒಂದು ತುಂಡು ಇಳಿಬಿದ್ದಿರುತ್ತದೆ, ಬೆಳಕು ಜಾಸ್ತಿಯಾದಾಗ ಪಾಪೆ ಕುದುರೆ ಲಾಳದ ಆಕಾರ ತಾಳುತ್ತದೆ. ಕೈಲೋಗ್ಲಾನಿಸ್ ಕಣ್ಣಲ್ಲಿ ಅದಿಲ್ಲ. ಪಾಪೆ ಸುಮ್ನೆ ದುಂಡಗಿರುತ್ತದೆ, ಕಣ್ಣು ತಲೆಯ ಮೇಲ್ಭಾಗಕ್ಕೆ ಹತ್ತಿರ ಕೂತಿರುತ್ತದೆ.

ಇಷ್ಟಾದರೂ ಅನುಮಾನ ಉಳಿದರೆ ಅದು ಗಾಜಿಗೆ ಅಂಟುವವರೆಗೆ ಕಾಯಿರಿ. ಮೊಬೈಲ್ ಕ್ಯಾಮೆರಾವನ್ನು ಗಾಜಿಗೆ ತಾಗಿಸಿ ಬಾಯಿಯ ಫೋಟೊ ತೆಗೆಯಿರಿ. ಹಿಗ್ಗಿಸಿ ನೋಡಿದರೆ ತುಟಿ ಒಂದು ಅಗಲವಾದ ತಟ್ಟೆಯಂತೆ ಹರಡಿಕೊಂಡು, ಅದರ ತುಂಬ ಸಣ್ಣ ಸಣ್ಣ ಉಬ್ಬುಗಳಿರುತ್ತವೆ. ಈ ತಟ್ಟೆಯ ಅಂಚನ್ನು ನಿಧಾನವಾಗಿ ಗಮನಿಸಿ. ಎಡಬಲಗಳಲ್ಲಿ ಒಂದೊಂದು ಮೀಸೆ ಬಿಡಿಯಾಗಿ ಚಾಚಿಕೊಂಡಿರುತ್ತದೆ. ಅವು ಮೇಲ್ದವಡೆಯವು. ಕೆಳತುಟಿಯ ಅಂಚಿನಲ್ಲಿ ಇನ್ನೂ ಎರಡು ಜೊತೆ ಗಿಡ್ಡ ತುದಿಗಳು ಕಾಣುತ್ತವೆ. ಅವೂ ಮೀಸೆಗಳೇ, ತುಟಿಯೊಳಗೆ ಹುದುಗಿಹೋಗಿವೆ. ಪ್ಲೆಕೊಗೆ ಇರುವುದು ಮೇಲ್ದವಡೆಯ ಒಂದು ಜೊತೆ ಮಾತ್ರ. ಅಂಗಡಿಯವರು ಏನೇ ಹೇಳಲಿ, ಮೂರು ಜೊತೆ ಮೀಸೆ ಎಣಿಸಿದಿರಿ ಅಂದರೆ ಮುಗಿಯಿತು, ಅದು ಆಫ್ರಿಕಾದ್ದು.

ಏಷ್ಯಾದ ಗರ್ರಾ, ‘ಚೈನೀಸ್ ಆಲ್ಗೀ ಈಟರ್’ ಅಂತ ಮಾರುವ ಜೈರಿನೊಕೈಲಸ್, ಇವೂ ಗಾಜಿಗೆ ಅಂಟುತ್ತವೆ. ಆದರೆ ಅವುಗಳ ಮೈಮೇಲೆ ಸ್ಪಷ್ಟವಾದ ಹುರುಪೆಗಳಿವೆ, ಅಡಿಪೋಸ್ ರೆಕ್ಕೆ ಇಲ್ಲ. ಎರಡು ಸೆಕೆಂಡಿನ ಕೆಲಸ.

ಹಂತ 2: ಯಾವ ಕುಲ?

ಅದೇ ಬಾಯಿಯ ಫೋಟೊ ಇಲ್ಲೂ ಕೆಲಸಕ್ಕೆ ಬರುತ್ತದೆ. ಮೇಲ್ದವಡೆಯ ಹಲ್ಲು ಎರಡು ಗುಂಪುಗಳಾಗಿರುತ್ತವೆ, ಅದನ್ನು ಬಿಡಿ. ಕೆಳದವಡೆ ಮುಖ್ಯ. ಅಲ್ಲಿಯ ಹಲ್ಲುಗಳು ನಟ್ಟನಡುವೆ ಒಂದು ಚಿಕ್ಕ ಗೊಂಚಲಾಗಿದ್ದರೆ ಕೈಲೋಗ್ಲಾನಿಸ್. ದವಡೆಯ ಅಗಲಕ್ಕೂ ಸಾಲಾಗಿ ಹರಡಿದ್ದರೆ ಅಟೊಪೊಕೈಲಸ್ ಅಥವಾ ಯೂಕೈಲಿಕ್ತಿಸ್.

ಈ ವ್ಯತ್ಯಾಸ ಸುಮ್ನೆ ತಿಳಿದುಕೊಳ್ಳುವುದಕ್ಕಲ್ಲ. ಕೈಲೋಗ್ಲಾನಿಸ್‌ಗಳಲ್ಲಿ ಹೆಚ್ಚಿನವು 5ರಿಂದ 8 ಸೆಂ.ಮೀ. ದಾಟುವುದಿಲ್ಲ. ಯೂಕೈಲಿಕ್ತಿಸ್ ಗುಂಥೇರಿ ಥರದ ಮೀನು 20 ಸೆಂ.ಮೀ. ಮುಟ್ಟುತ್ತದೆ. ಮರಿಯಾಗಿದ್ದಾಗ ಎರಡೂ ಒಂದೇ ಅಳತೆ, ಒಂದೇ ಬಣ್ಣ. ತಂದ ಮೇಲೆ ಟ್ಯಾಂಕ್ ಸಾಲದು ಅಂತ ಪರದಾಡುವ ಬದಲು ಅಂಗಡಿಯಲ್ಲೇ ಹಲ್ಲು ನೋಡುವುದು ಒಳ್ಳೆಯದು.

ಹಂತ 3: ಯಾವ ಜಾತಿ?

ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ಕಂದು ಮೈ, ಹಳದಿ ಮಚ್ಚೆ, ಬಾಲದಲ್ಲಿ ಒಂದು ಪಟ್ಟೆ ಅಂತ ಬಣ್ಣ ನೋಡಿ ಜಾತಿ ಹೇಳುವವರನ್ನು ನಂಬಬೇಡಿ. ಇವು ಕೂತ ಕಲ್ಲಿಗೆ, ಬೆಳಕಿಗೆ, ಮನಸ್ಥಿತಿಗೆ ತಕ್ಕಂತೆ ಬಣ್ಣ ಗಾಢ ಮಾಡುತ್ತವೆ, ತಿಳಿ ಮಾಡುತ್ತವೆ. ತಜ್ಞರು ನೋಡುವುದು ಬೇರೆ: ಕೆಳದವಡೆಯ ನಡುಗೊಂಚಲಿನಲ್ಲಿ ಎಷ್ಟು ಹಲ್ಲುಗಳಿವೆ, ಬೆನ್ನಿನ ಮುಳ್ಳು ಎಷ್ಟುದ್ದ, ಅದರ ಅಂಚು ಗರಗಸದಂತಿದೆಯೇ, ಮೀಸೆಗಳ ಉದ್ದ ಎಷ್ಟು, ಬಾಲ ಹೇಗೆ ಸೀಳಿದೆ.

ದಕ್ಷಿಣ ಆಫ್ರಿಕಾ ಭಾಗದ ಕೆಲವು ಜಾತಿಗಳು ಪರವಾಗಿಲ್ಲ, ಹೆಸರಲ್ಲೇ ಸುಳಿವಿದೆ. ಕೈಲೋಗ್ಲಾನಿಸ್ ಅನೊಟೆರಸ್‌ಗೆ (ಕುಲದ ಹೆಸರನ್ನು ಮುಂದೆ ‘ಕೈ.’ ಅಂತ ಚಿಕ್ಕದು ಮಾಡಿದ್ದೇನೆ) ಅಲ್ಲಿ ಪೆನಂಟ್‌ಟೇಲ್, ಅಂದರೆ ಬಾವುಟದ ಬಾಲ, ಅನ್ನುತ್ತಾರೆ. ಅದರ ಗಂಡಿಗೆ ಬಾಲದ ನಡುಭಾಗ ಉದ್ದವಾಗಿ ಬಾವುಟದಂತೆ ಹೊರಚಾಚಿರುತ್ತದೆ. ಕೈ. ಪರಾಟಸ್‌ಗೆ ಸಾಫಿನ್, ಅಂದರೆ ಗರಗಸದ ರೆಕ್ಕೆ, ಅನ್ನುತ್ತಾರೆ, ಅದರ ಮುಳ್ಳಿನಲ್ಲಿ ಗರಗಸದ ಹಲ್ಲುಗಳಿವೆ. ಕೈ. ಪ್ರಿಟೋರಿಯೇ ಗಿಡ್ಡ ಮುಳ್ಳಿನದು. ಕೈ. ಬೈಫರ್ಕಸ್ ಇಂಕೊಮಾಟಿ ನದಿ ವ್ಯವಸ್ಥೆಯಲ್ಲಿ ಮಾತ್ರ ಇರುವ, ಅಳಿವಿನ ಭಯದಲ್ಲಿರುವ ಮೀನು. ಆ ಹೆಸರಲ್ಲಿ ಯಾರಾದರೂ ಮಾರುತ್ತಿದ್ದರೆ ಕೊಳ್ಳಬೇಡಿ.

ಕಾಂಗೊ, ಕ್ಯಾಮರೂನ್, ನೈಜೀರಿಯಾಗಳಿಂದ ಬರುವ ಸಣ್ಣ ಜಾತಿಗಳ ವಿಷಯ ಇಷ್ಟು ಸಲೀಸಲ್ಲ. ಅಲ್ಲಿ ಹಿಡಿದ ನದಿಯ ಹೆಸರೇ ಅರ್ಧ ಉತ್ತರ. ಹಾಗಾಗಿ ಕೊಳ್ಳುವಾಗಲೇ ಯಾವ ದೇಶದ್ದು, ಯಾವ ನದಿಯದು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಗೊತ್ತಾಗದಿದ್ದರೆ ‘ಕೈಲೋಗ್ಲಾನಿಸ್, ಜಾತಿ ತಿಳಿಯದು’ ಅಂತ ಬರೆದರೆ ಅವಮಾನವೇನಿಲ್ಲ. ತಪ್ಪು ಹೆಸರಿಗಿಂತ ಅದು ವಾಸಿ. ನೀರಿನ ತಂಪು ಎಷ್ಟಿರಬೇಕು ಅನ್ನುವುದೂ ಮೀನು ಬಂದ ಊರಿನ ಮೇಲೇ ನಿಂತಿದೆ, ಅದಕ್ಕೇ ಈ ವಿಚಾರಣೆ ಬೇಕು.

ಹಂತ 4: ಮೀನಿಗೆ ಮೊದಲು ತೊರೆ

ಟ್ಯಾಂಕ್ ಉದ್ದವಾಗಿರಲಿ. ಎತ್ತರ ಇವಕ್ಕೆ ಬೇಕಿಲ್ಲ. ಸಣ್ಣ ಜಾತಿಯ ಐದಾರು ಮೀನಿಗೆ 90 ಸೆಂ.ಮೀ. ಉದ್ದದ ಟ್ಯಾಂಕ್ ಸಾಕು. ಯೂಕೈಲಿಕ್ತಿಸ್ ಆದರೆ 120 ಸೆಂ.ಮೀ.ಗಿಂತ ಕಡಿಮೆ ಬೇಡ.

ಹರಿವಿನ ಲೆಕ್ಕ ಹೀಗೆ: ಒಂದು ಗಂಟೆಯಲ್ಲಿ ಟ್ಯಾಂಕಿನ ನೀರಿನ 15ರಿಂದ 20 ಪಟ್ಟು ನೀರು ಓಡಾಡಬೇಕು. 100 ಲೀಟರ್ ಟ್ಯಾಂಕಿಗೆ ಫಿಲ್ಟರ್ ಮತ್ತು ಪವರ್‌ಹೆಡ್ (ನೀರೊಳಗೆ ಕೂತು ನೀರು ತಳ್ಳುವ ಪುಟ್ಟ ಪಂಪ್) ಸೇರಿ ಗಂಟೆಗೆ 1500ರಿಂದ 2000 ಲೀಟರ್. ಸಾಮಾನ್ಯ ಟ್ಯಾಂಕಿಗೆ ಇದು ಅತಿಯಾಯಿತು, ಇಲ್ಲಿ ಇದೇ ಸರಿ.

ಎರಡು ಪವರ್‌ಹೆಡ್‌ಗಳನ್ನು ಎದುರುಬದುರು ಇಟ್ಟರೆ ನೀರು ಸುಮ್ನೆ ಕಲಕಾಡುತ್ತದೆ, ಹರಿಯುವುದಿಲ್ಲ. ಒಂದೇ ದಿಕ್ಕಿಗೆ ಹರಿಯಬೇಕಾದರೆ ತಳದಲ್ಲಿ ಪೈಪ್ ಹಾಕಬೇಕು. ಟ್ಯಾಂಕಿನ ಬಲತುದಿಯಲ್ಲಿ ಎರಡು ಸ್ಪಂಜ್ ನಿಲ್ಲಿಸಿ. ಅವುಗಳ ಬುಡದಿಂದ ಪಿವಿಸಿ ಪೈಪನ್ನು ತಳದಲ್ಲಿ ಎಡತುದಿಯವರೆಗೆ ಎಳೆಯಿರಿ. ಎಡತುದಿಯಲ್ಲಿ ಪೈಪಿಗೆ ಪವರ್‌ಹೆಡ್ ಕೂರಿಸಿ, ಅದರ ಬಾಯಿ ಬಲಕ್ಕೆ ತಿರುಗಿರಲಿ. ಪೈಪಿನ ಮೇಲೆ ಮರಳು, ಜಲ್ಲಿ ಹರಡಿಬಿಟ್ಟರೆ ಏನೂ ಕಾಣುವುದಿಲ್ಲ. ಈಗ ಸ್ಪಂಜ್ ಬಲದಿಂದ ನೀರೆಳೆಯುತ್ತದೆ, ಪೈಪ್ ಅದನ್ನು ಕೆಳಗಿಂದ ಎಡಕ್ಕೆ ಒಯ್ಯುತ್ತದೆ, ಪವರ್‌ಹೆಡ್ ಮೇಲಿಂದ ಬಲಕ್ಕೆ ತಳ್ಳುತ್ತದೆ. ಪೂರ್ತಿ ಟ್ಯಾಂಕ್ ಒಂದೇ ದಿಕ್ಕಿಗೆ ಹರಿಯುತ್ತದೆ. ಪೈಪನ್ನು ಅಂಟುಹಾಕಿ ಕೂಡಿಸಬೇಡಿ, ಬಿಗಿಯಾಗಿ ಸಿಕ್ಕಿಸಿದರೆ ಸಾಕು. ತೊಳೆಯಲು ಬಿಚ್ಚಬೇಕಾಗುತ್ತದೆ.

ಮೇಲೆ ಉರುಟುಗಲ್ಲುಗಳನ್ನು ಜೋಡಿಸಿ. ಮುಷ್ಟಿಗಾತ್ರದಿಂದ ತಲೆಗಾತ್ರದವರೆಗೆ ಇರಲಿ. ದೊಡ್ಡ ಕಲ್ಲು ಮರಳಿನ ಮೇಲಲ್ಲ, ತಳದ ಮೇಲೆ ನೇರ ಕೂರಬೇಕು. ಇಲ್ಲದಿದ್ದರೆ ಯಾರಾದರೂ ಕೆಳಗೆ ತೂರಿದಾಗ ಕುಸಿಯುತ್ತದೆ. ಕಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದು ಬಿಡಿ. ಹಗಲೆಲ್ಲ ಇವು ಇರುವುದೇ ಅಲ್ಲಿ, ಕಲ್ಲಿನ ಅಡಿಭಾಗಕ್ಕೆ ತಲೆಕೆಳಗಾಗಿ ಅಂಟಿಕೊಂಡು. ಎಲ್ಲ ಕಡೆಯೂ ಒಂದೇ ರಭಸ ಬೇಡ. ದೊಡ್ಡ ಕಲ್ಲಿನ ಹಿಂದೆ ನೀರು ನಿಧಾನವಾಗುವ ಮರೆ ಇರಲಿ, ಮೀನು ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ.

ಗಿಡ ಬೇಕೆನಿಸಿದರೆ ಬಾಲ್ಬೈಟಿಸ್ ಹ್ಯೂಡೆಲೋಟಿ ತನ್ನಿ. ಅದೂ ಆಫ್ರಿಕಾದ್ದೇ, ಹರಿವಿನಲ್ಲಿ ಕಲ್ಲಿಗೆ ಅಂಟಿಯೇ ಬೆಳೆಯುವ ಜರೀಗಿಡ. ಅನೂಬಿಯಸ್ ಕೂಡ ಆಗುತ್ತದೆ. ಮುಚ್ಚಳ ಕಡ್ಡಾಯ, ಪವರ್‌ಹೆಡ್ ನೀರೆಳೆಯುವ ಕಡೆಗೆ ಸ್ಪಂಜ್ ಕಡ್ಡಾಯ.

ಹಂತ 5: ನೀರು, ಮತ್ತು ಕರೆಂಟು ಹೋದರೆ

ಪಿಎಚ್ 6.5ರಿಂದ 7.5ರ ನಡುವೆ ಇದ್ದರೆ ಅದರ ಚಿಂತೆ ಬಿಡಿ. ಉಷ್ಣಾಂಶದ ಬಗ್ಗೆ ಚಿಂತೆ ಮಾಡಿ. ಕಾಂಗೊ ಕಡೆಯ ಜಾತಿಗಳಿಗೆ 23ರಿಂದ 26 ಡಿಗ್ರಿ ಸೆಲ್ಸಿಯಸ್, ದಕ್ಷಿಣ ಆಫ್ರಿಕಾದ ತಂಪು ತೊರೆಯವಕ್ಕೆ 18ರಿಂದ 23. ನೀರು ಬಿಸಿಯಾದಷ್ಟೂ ಆಮ್ಲಜನಕ ಹಿಡಿಯುವ ಶಕ್ತಿ ಕಡಿಮೆ. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಅದೇ ಹೊತ್ತಿಗೆ ಮೀನಿನ ಉಸಿರಾಟ ಜೋರಾಗುತ್ತದೆ. ಒಂದು ಕಡೆ ಬೇಡಿಕೆ ಏರುತ್ತದೆ, ಇನ್ನೊಂದು ಕಡೆ ಪೂರೈಕೆ ಇಳಿಯುತ್ತದೆ. ಬೇಸಗೆಯಲ್ಲಿ ಈ ಮೀನು ಸಾಯುವುದು ಹೆಚ್ಚಾಗಿ ಹೀಗೆ. ಸೆಖೆ ಜಾಸ್ತಿಯಾದರೆ ನೀರಿನ ಮೇಲ್ಮೈಗೆ ಗಾಳಿ ಬೀಸುವಂತೆ ಸಣ್ಣ ಫ್ಯಾನ್ ಇಡಿ. ಆವಿಯಾಗುವಿಕೆಯಿಂದ ಎರಡು ಮೂರು ಡಿಗ್ರಿ ಇಳಿಯುತ್ತದೆ.

ವಾರಕ್ಕೊಮ್ಮೆ ಕಾಲುಭಾಗದಿಂದ ಮೂರನೇ ಒಂದು ಭಾಗ ನೀರು ಬದಲಿಸಿ. ನೈಟ್ರೇಟ್ 20 ಪಿಪಿಎಂ (ಲೀಟರಿಗೆ 20 ಮಿಲಿಗ್ರಾಂ) ಒಳಗಿರಲಿ. ಟ್ಯಾಂಕ್ ಹೊಸದಾಗಿದ್ದರೆ ಮೀನು ತರಬೇಡಿ. ಸೈಕಲ್ ಮುಗಿದು, ಅಂದರೆ ಅಮೋನಿಯಾ ಕರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಿ, ಕಲ್ಲಿನ ಮೇಲೆ ಪಾಚಿಯ ಪದರ ಕಾಣುವವರೆಗೆ ಕಾಯಿರಿ.

ಕರೆಂಟು ಹೋದ ತಕ್ಷಣ ತೊರೆ ಕೊಳವಾಗುತ್ತದೆ. ಬೇರೆ ಮೀನುಗಳು ಗಂಟೆಗಟ್ಟಲೆ ತಡೆದಾವು, ಇವು ತಡೆಯುವುದಿಲ್ಲ. ಮೀನುಗಳು ಕಲ್ಲು ಬಿಟ್ಟು ನೀರಿನ ಮೇಲ್ಮಟ್ಟಕ್ಕೆ ಬಂದು ಗಾಜಿಗೆ ಅಂಟಿ, ಕಿವಿರು ಪಟಪಟ ಬಡಿಯುತ್ತಿದ್ದರೆ ಉಸಿರುಗಟ್ಟುತ್ತಿದೆ ಅಂತಲೇ ಅರ್ಥ. ಕರೆಂಟು ಹೋದೊಡನೆ ತಾನಾಗೇ ಶುರುವಾಗುವ ಬ್ಯಾಟರಿ ಏರ್‌ಪಂಪ್ ಒಂದನ್ನು ಮೀನಿಗಿಂತ ಮುಂಚೆ ಕೊಳ್ಳಿ. ಪಟ್ಟಿಯಲ್ಲಿ ಕೊನೆಗೆ ಬಿಡುವ ವಸ್ತು ಇದು, ಬರೆಯಬೇಕಾದದ್ದು ಮೊದಲನೇ ಸಾಲಿನಲ್ಲಿ.

ಹಂತ 6: ಆರಿಸುವುದು, ತರುವುದು, ಬಿಡುವುದು

ಮಾರಾಟಕ್ಕೆ ಬರುವುದು ಬಹುತೇಕ ನದಿಯಲ್ಲಿ ಹಿಡಿದದ್ದೇ. ಹಿಡಿದ ದಿನದಿಂದ ಉಪವಾಸ ಇದ್ದು ಬಂದಿರುತ್ತವೆ. ಗಾಜಿಗೆ ಅಂಟಿದ ಮೀನಿನ ಹೊಟ್ಟೆಯನ್ನು ನೇರ ನೋಡಿ. ಸಮತಟ್ಟಾಗಿದ್ದರೆ, ಸ್ವಲ್ಪ ಉಬ್ಬಿದ್ದರೆ ಸರಿ. ಒಳಕ್ಕೆ ಗುಳಿ ಬಿದ್ದಿದ್ದರೆ, ಕಣ್ಣು ಹೂತಿದ್ದರೆ, ತಲೆಯ ಹಿಂದೆ ಬೆನ್ನು ಚೂಪಾಗಿದ್ದರೆ ಕರುಣೆಯಿಂದ ಕೊಳ್ಳಬೇಡಿ, ಅದು ಹೆಚ್ಚಾಗಿ ಚೇತರಿಸಿಕೊಳ್ಳುವುದಿಲ್ಲ. ಅಂಗಡಿಯವರಿಗೆ ಹೇಳಿ, ಒಂದು ವಾರ ಅಲ್ಲೇ ಇರಲಿ, ತಿನ್ನುವುದನ್ನು ನೋಡಿ ತನ್ನಿ.

ಬಲೆಯಿಂದ ಹಿಡಿಯುವುದು ಬೇಡ. ಬೆನ್ನಿನ ಮತ್ತು ಎದೆಯ ರೆಕ್ಕೆಗಳ ಮುಳ್ಳು ಸೆಟೆದು ಲಾಕ್ ಆಗುತ್ತವೆ. ಬಲೆಗೆ ಸಿಕ್ಕಿದರೆ ಬಿಡಿಸುವುದರೊಳಗೆ ಮೀನಿಗೂ ಗಾಯ, ಬೆರಳಿಗೂ ಗಾಯ. ಪ್ಲಾಸ್ಟಿಕ್ ಡಬ್ಬಿಯನ್ನು ಗಾಜಿಗೆ ಒತ್ತಿ ಮೀನನ್ನು ಒಳಗೆ ಮಾಡಿ, ಬಾಲದ ಕಡೆಯಿಂದ ತೆಳ್ಳನೆ ಪ್ಲಾಸ್ಟಿಕ್ ಹಾಳೆಯನ್ನು ಮೆಲ್ಲಗೆ ತೂರಿಸಿ. ತಾನಾಗೇ ಬಿಡುತ್ತದೆ. ಎಳೆದರೆ ಮಾತ್ರ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ. ಚೀಲ ಎರಡು ಪದರದ್ದಿರಲಿ, ಮುಳ್ಳು ತೂತು ಮಾಡುತ್ತದೆ.

ತುಂಬ ಹೊತ್ತು ಚೀಲದಲ್ಲಿ ಪ್ರಯಾಣ ಮಾಡಿದ ಮೀನಿಗೆ ಚೀಲ ಬಿಚ್ಚಿ ಗಂಟೆಗಟ್ಟಲೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಬಿಟ್ಟು ಒಗ್ಗಿಸುವ ಪದ್ಧತಿ ಅಪಾಯಕಾರಿ. ಮುಚ್ಚಿದ ಚೀಲದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಆಗ ಅಮೋನಿಯಾ ಅಷ್ಟು ವಿಷವಲ್ಲದ ರೂಪದಲ್ಲಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಆ ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ಅದಕ್ಕೇ ಬಿಚ್ಚದೆ ತೇಲಿಸಿ ಉಷ್ಣಾಂಶ ಸರಿದೂಗಿಸಿ, ಬಿಚ್ಚಿದ ಮೇಲೆ ತಡಮಾಡದೆ ಮೀನನ್ನು ಮಾತ್ರ ಎತ್ತಿ ಬಿಡಿ, ಚೀಲದ ನೀರು ಚೆಲ್ಲಿ. ಮೊದಲ ಮೂರು ವಾರ ಬೇರೆ ಟ್ಯಾಂಕಿನಲ್ಲಿರಲಿ. ಅಲ್ಲೂ ಹರಿವು, ಏರ್‌ಸ್ಟೋನ್ (ಏರ್‌ಪಂಪಿನ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಕಲ್ಲು) ಎರಡೂ ಬೇಕು.

ಹಂತ 7: ಊಟ

ಪಾಚಿ ಬಿಲ್ಲೆ ಹಾಕಿ ಕೈತೊಳೆದುಕೊಳ್ಳುವುದೇ ಎಲ್ಲರೂ ಮಾಡುವ ತಪ್ಪು. ನದಿಯಲ್ಲಿ ಇದು ಕಲ್ಲನ್ನು ಕೆರೆದು ಪಾಚಿಯನ್ನೂ ಅದರೊಳಗಿನ ಸಣ್ಣ ಹುಳುಗಳನ್ನೂ ಕೀಟಗಳ ಮರಿಗಳನ್ನೂ ಒಟ್ಟಿಗೆ ತಿನ್ನುತ್ತದೆ. ಹುಳುಗಳ ಪಾಲು ಇಲ್ಲದಿದ್ದರೆ ಸೊರಗುತ್ತದೆ. ಗಾಜಿನ ಪಾಚಿಯನ್ನು ಇದು ಸ್ವಚ್ಛ ಮಾಡಿಕೊಡುತ್ತದೆ ಅನ್ನುವ ಆಸೆ ಬಿಟ್ಟುಬಿಡಿ.

ದೀಪ ಆರಿಸಿದ ಮೇಲೆ ಹಾಕಿ. ಮೀನಿನ ಊಟವಾಗಿ ಮಾರುವ ಸಣ್ಣ ನೀರುಜೀವಿಗಳನ್ನು, ಅಂದರೆ ಫ್ರೋಜನ್ ಬ್ಲಡ್‌ವರ್ಮ್, ಡಾಫ್ನಿಯಾ, ಸೈಕ್ಲಾಪ್ಸ್, ಆರ್ಟೀಮಿಯಾ ಇವನ್ನು ಕರಗಿಸಿ, ಉದ್ದ ಪಿಪೆಟ್‌ನಿಂದ ಕಲ್ಲಿನ ಸಂದಿಗೆ ನೇರ ಬಿಡಿ. ಆಗ ಒಂದೆರಡು ನಿಮಿಷ ಪವರ್‌ಹೆಡ್ ನಿಲ್ಲಿಸಬಹುದು, ಆದರೆ ಮತ್ತೆ ಹಾಕುವುದನ್ನು ಮರೆಯಬೇಡಿ.

ನನಗೆ ಎಲ್ಲಕ್ಕಿಂತ ಒಪ್ಪಿಗೆಯಾದದ್ದು ಕಲ್ಲಿಗೆ ಬಳಿಯುವ ಊಟ. ಸಿಗಡಿ, ಬೇಯಿಸಿದ ಬಟಾಣಿ, ಸ್ಪಿರುಲಿನಾ ಪುಡಿ ಮೂರನ್ನೂ ನುಣ್ಣಗೆ ರುಬ್ಬಿ. ಅಗರ್‌ಅಗರ್ ಕುದಿಸಿ, ಸ್ವಲ್ಪ ಆರಿದ ಮೇಲೆ ಇದಕ್ಕೆ ಬೆರೆಸಿ. ಗಟ್ಟಿಯಾಗುವ ಮುಂಚೆ ಒರಟಾದ ಚಪ್ಪಟೆ ಕಲ್ಲುಗಳ ಮೇಲೆ ತೆಳ್ಳಗೆ ಬಳಿದು ಫ್ರಿಜ್ಜಿನಲ್ಲಿಡಿ. ರಾತ್ರಿಗೊಂದು ಕಲ್ಲು ಇಳಿಸಿ, ಬೆಳಿಗ್ಗೆ ಉಳಿದದ್ದನ್ನು ತೆಗೆಯಿರಿ. ಬೆಳಿಗ್ಗೆ ಆ ಕಲ್ಲನ್ನು ಓರೆಯಾಗಿ ಹಿಡಿದು ನೋಡಿ. ಪದರದಲ್ಲಿ ನಾಣ್ಯದಗಲದ ದುಂಡು ಗುರುತುಗಳು, ಅವುಗಳ ನಡುವೆ ಸಣ್ಣ ಗೀರುಗಳು ಕಾಣುತ್ತವೆ. ಅಷ್ಟು ಕಂಡರೆ ಮೀನು ಮನೆಗೆ ಒಗ್ಗಿತು.

ಜೊತೆಗೆ ಬಿಸಿಲಿನಲ್ಲಿ ಒಂದು ಬಕೆಟ್ ನೀರಿಟ್ಟು ಅದರಲ್ಲಿ ಕಲ್ಲುಗಳನ್ನು ಪಾಚಿಗಟ್ಟಲು ಬಿಡಿ. ವಾರಕ್ಕೊಂದೆರಡನ್ನು ಅದಲು ಬದಲು ಮಾಡಿ.

ಜೊತೆಗಾರರು

ಐದಾರು ಮೀನು ಒಟ್ಟಿಗಿದ್ದರೆ ಸಣ್ಣಪುಟ್ಟ ತಳ್ಳಾಟ ಇರುತ್ತದೆ, ಗಾಯವಾಗುವಷ್ಟಿಲ್ಲ. ಜಾಗ ಸಾಲದಿದ್ದರೆ ಮಾತ್ರ ಒಂದು ಮೀನು ಸೋತು ಮೂಲೆ ಸೇರುತ್ತದೆ. ಸಿನೊಡಾಂಟಿಸ್ ಬೇಡ. ಒಂದೇ ಕುಟುಂಬ ಇರಬಹುದು, ಆದರೆ ಊಟ ಪೂರ್ತಿ ಅದೇ ಮುಗಿಸುತ್ತದೆ. ಪ್ಲೆಕೊನೂ ಬೇಡ, ಕಲ್ಲಿನ ಸಂದು ತನ್ನದೇ ಅಂತ ಕೂರುತ್ತದೆ. ಹರಿವು ಇಷ್ಟಪಡುವ ಸಣ್ಣ ಆಫ್ರಿಕನ್ ಬಾರ್ಬ್‌ಗಳು, ನನ್ನೊಕೆರಾಕ್ಸ್ ಮೀನು, ಇವು ಒಗ್ಗುತ್ತವೆ. ಬೀಸಣಿಗೆಯಂಥ ಕೈಗಳಿಂದ ಹರಿವಿನ ಕಣ ಸೋಸಿ ತಿನ್ನುವ ಪಶ್ಚಿಮ ಆಫ್ರಿಕಾದ ಸಿಗಡಿ ಆಟ್ಯಾ ಗ್ಯಾಬೊನೆನ್ಸಿಸ್ ಇದಕ್ಕೆ ಹೇಳಿ ಮಾಡಿಸಿದ ಸಂಗಾತಿ. ಒಂದೇ ಹರಿವು, ಬೇರೆ ಬೇರೆ ಊಟ.

ರೋಗ ಬಂದರೆ

ಬಿಳಿಚುಕ್ಕೆ ರೋಗ ಬಂದರೆ ಉಷ್ಣಾಂಶವನ್ನು 30 ಡಿಗ್ರಿಗೆ ಏರಿಸಿ ಅಂತ ಎಲ್ಲರೂ ಹೇಳುತ್ತಾರೆ. ಈ ಮೀನಿಗೆ ಅದು ರೋಗಕ್ಕಿಂತ ಕೆಟ್ಟದ್ದು, ಆಮ್ಲಜನಕದ ಲೆಕ್ಕ ಮೇಲೇ ಹೇಳಿದೆ. ಚರ್ಮಕ್ಕೆ ಹುರುಪೆಯ ರಕ್ಷಣೆ ಇಲ್ಲದ್ದರಿಂದ ತಾಮ್ರ ಬೆರೆತ ಔಷಧಿ, ಮ್ಯಾಲಕೈಟ್ ಗ್ರೀನ್, ಫಾರ್ಮಲಿನ್ ಇವೂ ಬೇಗ ನಾಟುತ್ತವೆ. ಔಷಧಿ ಕೊಡಲೇಬೇಕಾದರೆ ಹುರುಪೆ ಇಲ್ಲದ ಮೀನಿಗೆ ಅಂತ ಲೇಬಲ್ಲಿನಲ್ಲಿ ಬರೆದ ಕಡಿಮೆ ಪ್ರಮಾಣವನ್ನೇ ಕೊಡಿ, ಏರ್‌ಸ್ಟೋನ್ ಇನ್ನೊಂದು ಸೇರಿಸಿ, ದಿನಾ ಸ್ವಲ್ಪ ನೀರು ಬದಲಿಸಿ. ಔಷಧಿ ಹಾಕಿದ ಮೊದಲ ಒಂದು ಗಂಟೆ ಅಲ್ಲೇ ಕೂತು ಕಿವಿರು ನೋಡುತ್ತಿರಿ. ಬಡಿತ ಜೋರಾದರೆ ಅರ್ಧ ನೀರು ತಕ್ಷಣ ಬದಲಿಸಿ.

ಮರಿ ಮಾಡಿಸಬಹುದಾ?

ಗಂಡು ಹೆಣ್ಣು ಗುರುತಿಸುವುದು ಕೆಲವು ಜಾತಿಗಳಲ್ಲಿ ಸುಲಭ. ಗಂಡಿನ ಬಾಲದ ರೆಕ್ಕೆ ಉದ್ದವಾಗಿರುತ್ತದೆ ಅಥವಾ ಬೇರೆ ಆಕಾರದಲ್ಲಿರುತ್ತದೆ, ಹೊಟ್ಟೆಯ ಹಿಂದಿನ ಜನನಾಂಗದ ಮೊನೆ ಚೂಪಾಗಿರುತ್ತದೆ. ಹೆಣ್ಣು ದಪ್ಪ. ಆದರೆ ಮನೆಯ ಟ್ಯಾಂಕಿನಲ್ಲಿ ಇವು ಮರಿ ಮಾಡುವುದು ಅಪರೂಪ. ಪ್ರಯತ್ನಿಸುವವರು ಚೆನ್ನಾಗಿ ತಿನ್ನಿಸಿ, ಮಳೆಗಾಲ ಬಂದಂತೆ ತಂಪು ನೀರು ಹಾಕಿ, ಹರಿವು ಹೆಚ್ಚಿಸಿ ನೋಡಬಹುದು. ಹಾಗೆ ಮಾಡುವಾಗ ಹಿಡಿದ ನದಿ, ನೀರಿನ ಉಷ್ಣಾಂಶ, ಬದಲಿಸಿದ ದಿನ ಎಲ್ಲ ಬರೆದಿಡಿ. ಮೊಟ್ಟೆ ಹುಡುಕಬೇಕಾದರೆ ಜಲ್ಲಿಯ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ.